ನಾನೇ ಬರೆದ ನೋಟಿಸಿಗೆ ನನ್ನ ಉತ್ತರ

ಕಾಕ್ಸ್ ಟೌನ್,
ಬುಧವಾರ

ಶ್ರೀ ಚಿನ್ನಪ್ಪನವರಿಗೆ,
ಗೌರವ ಕಾರ್ಯದರ್ಶಿಗಳು, ನಮ್ಮ ಶಾಲೆಯ ಆಡಳಿತ ಮಂಡಳಿ

ವಿಷಯ: ಕಾರಣ ಕೇಳಿ ನೀಡಿದ ನೋಟಿಸಿಗೆ ವಿವರಣೆ, ಮತ್ತು ಅದರಲ್ಲಿರುವ ಒಂದು ಅಂಕಿಯ ತಿದ್ದುಪಡಿ.

ಮಾನ್ಯರೇ,

ತಮಗೂ, ತಮ್ಮ ಕುಟುಂಬದವರಿಗೂ, ಶಾಲೆಯ ಸ್ವಾಗತ ಕೊಠಡಿಗೆ ಹೋದ ತಿಂಗಳು ಬಂದಿಳಿದ ಗಾಜಿನ ಮೀನುತೊಟ್ಟಿಗೂ, ಅದರೊಳಗಿನ ಹದಿನಾರು ಮೀನುಗಳಿಗೂ ಕನ್ನಡ ಶಿಕ್ಷಕ ಅಂಜನಮೂರ್ತಿಯ ವಿನಯಪೂರ್ವಕ ವಂದನೆಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನಾಳೆ ಗುರುವಾರ ಶಾಲೆಯ ಗೇಟಿನ ಹೊರಗೆ ನಮ್ಮ ಶಿಕ್ಷಕರ ಮುಷ್ಕರ ಇರುವುದರಿಂದ, ಅಷ್ಟರೊಳಗೆ ನನಗೆ ಜ್ವರವಾದರೂ ಬಂದೀತೆಂದು ಬಹಳ ಆಸೆಯಿಂದ ಕಾದು, ಎರಡು ದಿನದಲ್ಲಿ ಐದು ಬಾರಿ ಥರ್ಮಾಮೀಟರ್ ಇಟ್ಟು ನೋಡಿದೆ. ಐದು ಬಾರಿಯೂ ಪಾದರಸ ತೊಂಬತ್ತೆಂಟೂವರೆಯನ್ನು ದಾಟಲಿಲ್ಲ. ನನ್ನ ದೇಹಕ್ಕೆ ಇರುವಷ್ಟು ಸತ್ಯಸಂಧತೆ ನನಗೂ ಇದ್ದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಪತ್ರವನ್ನು ತಮ್ಮ ಕೈಗೆ ಕೊಡದೆ ಸ್ಟಾಫ್ ರೂಮಿನ ಬೋರ್ಡಿಗೆ ಅಂಟಿಸುತ್ತಿರುವುದಕ್ಕೆ ಕ್ಷಮೆ ಇರಲಿ. ಕಳೆದ ಹನ್ನೆರಡು ದಿನಗಳಲ್ಲಿ ನಾನು ಗುಟ್ಟಾಗಿ ಬರೆದ ಪತ್ರಗಳಿಂದ ಆಗಿರುವ ಅನಾಹುತವನ್ನು ಕಂಡ ಮೇಲೆ, ಇನ್ನು ಮುಂದೆ ಏನು ಬರೆದರೂ ಹತ್ತು ಜನರಿಗೆ ಕಾಣುವಂತೆ ಬರೆಯುವುದೇ ವಾಸಿ ಎಂದು ತೀರ್ಮಾನಿಸಿದ್ದೇನೆ.

ಬೋರ್ಡಿನ ಮುಂದೆ ನಿಂತು ಓದುತ್ತಿರುವವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2020ರ ಜೂನ್‌ನಲ್ಲಿ, ಕೊರೊನಾ ಕಾರಣಕ್ಕೆ, ಈ ಶಾಲೆಯ ಶಿಕ್ಷಕರ ವೇತನದಲ್ಲಿ ಶೇ 30ರಷ್ಟನ್ನು ತಾತ್ಕಾಲಿಕವಾಗಿ ಕಡಿತ ಮಾಡಲಾಯಿತು. ಶಾಲೆ ತೆರೆಯಿತು, ಮಾಸ್ಕ್‌ಗಳು ಹೋದವು, ಶುಲ್ಕ ಮೂರು ಬಾರಿ ಏರಿತು, ಆ ವರ್ಷ ಒಂದನೇ ತರಗತಿಯಲ್ಲಿದ್ದ ಮಕ್ಕಳು ಈಗ ಆರನೇ ತರಗತಿಯಲ್ಲಿ ಕೂತಿದ್ದಾರೆ. ಕಡಿತ ಮಾತ್ರ ಇನ್ನೂ ಅದೇ ತಾತ್ಕಾಲಿಕ ತರಗತಿಯಲ್ಲೇ ಇದೆ. ಒಂದು ವ್ಯವಸ್ಥೆಯನ್ನು ಇಷ್ಟು ವರ್ಷ ಅದರ ಮೂಲ ಸ್ಥಿತಿಯಲ್ಲೇ ಕಾಪಾಡಿಕೊಂಡು ಬಂದಿರುವ ತಮ್ಮ ಶ್ರದ್ಧೆಯನ್ನು, ಹಳೆಯ ಬಂಗಲೆಯೊಂದೂ ಉಳಿಯದ ನಮ್ಮ ಈ ಬೀದಿಯಲ್ಲಿ, ಮೆಚ್ಚದೆ ಇರಲು ಸಾಧ್ಯವಿಲ್ಲ.

ಇದನ್ನು ಸರಿಪಡಿಸಿ, ಇಲ್ಲವಾದರೆ ಗುರುವಾರ ತರಗತಿಗೆ ಹೋಗುವುದಿಲ್ಲ ಎಂದು ಶಿಕ್ಷಕರು ಒಂದು ಮನವಿ ಪತ್ರ ಕೊಡಲು ಹೊರಟರು. ಮುಂದಾಳತ್ವ ಗಣಿತದ ಆತಿಕಾ ಟೀಚರ್ ಅವರದು. ಪತ್ರದ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಹೋಗಬೇಕಾದ್ದರಿಂದ ಅದು ಕನ್ನಡದಲ್ಲಿರಬೇಕಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ತಮಿಳು, ದಖನಿ, ಮಲಯಾಳಂ, ಇಂಗ್ಲಿಷ್ ಎಲ್ಲವೂ ಓಡಾಡುತ್ತವೆ. ಕನ್ನಡವನ್ನು ಎಲ್ಲರೂ ಚೆನ್ನಾಗಿಯೇ ಮಾತನಾಡುತ್ತಾರೆ, ಆದರೆ ಕಚೇರಿಗೆ ಸಲ್ಲುವಂತೆ ಬರೆಯಲು ಬರುವವನು ನಾನೊಬ್ಬನೇ. ಆತಿಕಾ ಟೀಚರ್ ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, "ಸರ್, ಸ್ವಲ್ಪ ಖಡಕ್ಕಾಗಿರ್ಲಿ. ಆದ್ರೆ ಬೈದಂಗೂ ಇರ್ಬಾರ್ದು" ಎಂದರು. ಬರೆದೆ. ಒಂದೂವರೆ ಪುಟ, ಏಳು ಪ್ಯಾರಾ. ಕೊನೆಯಲ್ಲಿ ಹದಿನಾಲ್ಕು ಶಿಕ್ಷಕರ ಹೆಸರುಗಳನ್ನು ನನ್ನ ದುಂಡು ಅಕ್ಷರದಲ್ಲಿ ಸಾಲಾಗಿ ಬರೆದು, ಅವರವರ ಸಹಿ ಹಾಕಿಸಿದೆ. ಹದಿನಾಲ್ಕಕ್ಕೆ ಪುಟ ತುಂಬಿತು. ಹದಿನೈದನೆಯದಾಗಿ ನನ್ನ ಹೆಸರೊಂದಕ್ಕಾಗಿ ಮೂರನೇ ಪುಟ ತೆರೆದರೆ ಪತ್ರದ ಅಂದ ಕೆಡುತ್ತದೆ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ನಿಜ. ಒಂದೊಂದು ಸಾಲಿನ ನಡುವೆಯೂ ಬೇಕಾದ್ದಕ್ಕಿಂತ ಹೆಚ್ಚು ಅಂತರ ಬಿಡುತ್ತ ಬಂದದ್ದು ನಾನೇ ಎಂಬುದೂ ನಿಜ.

ಇಲ್ಲಿಂದ ಮುಂದಿನದು ತಮಗೂ ನನಗೂ ಮಾತ್ರ ತಿಳಿದ ವಿಷಯ. ಮರುದಿನ ತಾವು ನನ್ನನ್ನು ಕೊಠಡಿಗೆ ಕರೆಸಿ, ಬಾಗಿಲು ಹಾಕಿಸಿ, ಕಾಫಿ ತರಿಸಿ, ಮನವಿ ಪತ್ರವನ್ನು ಎತ್ತಿ ಹಿಡಿದು, "ಮಾಸ್ಟರ್, ನಮ್ಮ ಅಕೌಂಟೆಂಟ್ ಓದಿ ಹೇಳಿದ್ರು. ಏನ್ ಲ್ಯಾಂಗ್ವೇಜ್ ಸ್ವಾಮಿ ಇದು! ಯಾರೋ ಹೈಕೋರ್ಟ್ ಲಾಯರ್ ಬರ್ದಿರ್ಬೇಕು" ಎಂದಿರಿ. ಆಗ ನಾನು ಮಾಡಬೇಕಾಗಿದ್ದ ಕೆಲಸ ಸುಮ್ಮನೆ ಕಾಫಿ ಕುಡಿಯುವುದು. ಆದರೆ ಹದಿನೇಳು ವರ್ಷದ ಸೇವೆಯಲ್ಲಿ ನನ್ನ ಬರವಣಿಗೆಯನ್ನು ಆಡಳಿತ ಮಂಡಳಿಯವರು ಹೊಗಳಿದ್ದು ಅದೇ ಮೊದಲು. "ನಾನೇ ಸರ್" ಎಂದುಬಿಟ್ಟೆ. ತಾವು ಸ್ವಲ್ಪವೂ ಕೋಪಿಸಿಕೊಳ್ಳದೆ, "ಒಳ್ಳೇದಾಯ್ತು ಬಿಡಿ, ಹಾಗಾದ್ರೆ ಇದಕ್ಕೆ ರಿಪ್ಲೈನೂ ನೀವೇ ಬರ್ದ್ಬಿಡಿ. ನಂಗೆ ಮಾತಾಡಕ್ಕೆ ಎಷ್ಟ್ ಬೇಕಾದ್ರೂ ಬರುತ್ತೆ, ಬರೆಯಕ್ಕೆ ಕೂತ್ರೆ ಕೈ ಓಡಲ್ಲ. ಆ ಆಫೀಸಿಗೂ ಒಂದ್ ಕಾಪಿ ಹೋಗ್ಬೇಕಲ್ಲ" ಎಂದಿರಿ.

ನಿರಾಕರಿಸುವ ಉದ್ದೇಶದಿಂದಲೇ ನಾನು ಬಾಯಿ ತೆರೆದೆ. ಅದರಿಂದ "ಯಾವಾಗ ಬೇಕು ಸರ್?" ಎಂಬ ಮಾತು ಹೊರಬಂತು.

ಮಾನ್ಯರೇ, ಆ ಉತ್ತರವನ್ನು ಬರೆಯಲು ಕೂತಾಗ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತುಕೊಂಡರು. ಮನವಿ ಪತ್ರ ಬರೆದವನ ಮೂರನೇ ಪ್ಯಾರಾದಲ್ಲಿ ವಾದ ಸಡಿಲವಾಗಿತ್ತು, ಐದನೆಯದರಲ್ಲಿ ಆಧಾರವಿರಲಿಲ್ಲ. ನಿರ್ದಾಕ್ಷಿಣ್ಯವಾಗಿ ತಿವಿದೆ. 'ಶಿಕ್ಷಕರೆಂದರೆ ದುಡಿಮೆಯನ್ನು ಎಂದೂ ತಕ್ಕಡಿಯಲ್ಲಿಟ್ಟು ತೂಗದ ಧನ್ಯಜೀವಿಗಳು' ಎಂಬ ವಾಕ್ಯ ಬರೆದಾಗ ನನಗೇ ರೋಮಾಂಚನವಾಯಿತು. ಮುಷ್ಕರ ಮಾಡಿದವರ ಮಕ್ಕಳಿಗೆ ಇಲ್ಲಿ ಕೊಡುತ್ತಿರುವ ಅರ್ಧ ಶುಲ್ಕದ ರಿಯಾಯಿತಿಯನ್ನು ಕಿತ್ತುಹಾಕುತ್ತೇವೆ ಎಂದು ಬರೆಯುವಂತೆ ತಾವು ಹೇಳಿದಿರಿ. ಅದು ಒರಟಾಯಿತೆಂದು ನಾನು 'ಪುನರ್‌ಪರಿಶೀಲಿಸಲಾಗುವುದು' ಎಂದು ನಯಗೊಳಿಸಿದೆ. ನಮ್ಮ ಶಾಲೆಯಲ್ಲಿ ಆ ರಿಯಾಯಿತಿ ಪಡೆಯುತ್ತಿರುವ ಮಕ್ಕಳು ಇಬ್ಬರೇ. ಒಬ್ಬಳು ಒಂಬತ್ತನೇ ತರಗತಿಯ ಮೋನಿಷಾ, ನನ್ನ ಮಗಳು. ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಸ್ವಂತ ಮಗಳ ಶುಲ್ಕದ ಮೇಲೆ ಬಂದ ಬೆದರಿಕೆಗೆ ಸಂಧಿ ಸಮಾಸ ಕೂಡಿಸಿ, ಕಾಗುಣಿತ ತಿದ್ದಿ, ಶುದ್ಧಪ್ರತಿ ಮಾಡಿಕೊಟ್ಟ ತಂದೆ ಇಡೀ ಬೆಂಗಳೂರು ಪೂರ್ವದಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ಅವನ ವಿಳಾಸ ಕೊಡಿ. ಇಬ್ಬರೂ ಒಂದು ಸಂಘ ಕಟ್ಟಿಕೊಳ್ಳುತ್ತೇವೆ.

ಉತ್ತರದ ಪರಿಣಾಮ ತಮಗೆ ಗೊತ್ತಿದೆ. ಎರಡೇ ದಿನದಲ್ಲಿ ನಾಲ್ವರು ಮುಷ್ಕರದಿಂದ ಹಿಂದೆ ಸರಿದರು. ದೈಹಿಕ ಶಿಕ್ಷಣದ ಮುನಿರಾಜ್ ನನ್ನನ್ನು ಮೈದಾನದ ಬೇವಿನ ಮರದ ಹತ್ತಿರ ನಿಲ್ಲಿಸಿ, "ಸಾರ್, ಆ ತಕ್ಕಡಿ ವಿಷ್ಯ ಓದಿದೆ. ನಂಗೇ ನಾಚ್ಕೆ ಆಗೋಯ್ತು ಸಾರ್. ಸಂಬಳ ಕೇಳಿದ್ದೇ ತಪ್ಪೇನೋ ಅನ್ನಿಸ್ಬಿಡ್ತು. ಯಾರ್ ಸಾರ್ ಬರ್ದಿದ್ದು ಅದು, ಮಹಾನುಭಾವ್ರು?" ಎಂದು ಕಣ್ಣು ಒರೆಸಿಕೊಂಡರು. ಅವರಿಗೆ ಎರಡು ತಿಂಗಳ ಮನೆ ಬಾಡಿಗೆ ಬಾಕಿ ಇದೆ ಎಂದು ನನಗೆ ಗೊತ್ತು. ನಾನು ಬೇವಿನ ಮರದ ಕಡೆ ನೋಡಿದೆ.

ಮೊನ್ನೆ ಸೋಮವಾರ ತಾವು ಉಳಿದ ಹತ್ತು ಜನರಿಗೆ ಕಾರಣ ಕೇಳುವ ನೋಟಿಸು ಕೊಡಲು ನಿಶ್ಚಯಿಸಿದಿರಿ. ಅದನ್ನೂ ನಾನೇ ಬರೆದೆನೆಂದು ಬೇರೆ ಹೇಳಬೇಕಿಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಹನ್ನೊಂದು ಪ್ರತಿ ಮುದ್ರಿಸಿ, "ಒಂದ್ ಎಕ್ಸ್‌ಟ್ರಾ ಇರ್ಲಿ ಮಾಸ್ಟರ್, ಇಂಕು ಗಿಂಕು ಚೆಲ್ಲಿದ್ರೆ" ಎಂದು ಎಲ್ಲವನ್ನೂ ನನ್ನ ಕೈಗೇ ಕೊಟ್ಟಿರಿ. ಹತ್ತು ಹೆಸರು ತುಂಬಿದೆ. ಇಂಕು ಚೆಲ್ಲಲಿಲ್ಲ.

ಅಂದು ಕೆ.ಆರ್. ಪುರದ ಮನೆಯಲ್ಲಿ ನನ್ನ ಹೆಂಡತಿ ಆದಿಲಕ್ಷ್ಮಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಕೇಳಿ, "ಅಲ್ಲಾ ರೀ, ಇವ್ರಿಗೂ ಬರ್ಕೊಟ್ರಿ, ಅವ್ರಿಗೂ ಬರ್ಕೊಟ್ರಿ. ಒಬ್ರಾದ್ರೂ ಕಾಸು ಕೊಟ್ರಾ?" ಎಂದಳು. ಕಾಫಿ ಕೊಟ್ಟರು ಎಂದೆ. "ಶಿವಾಜಿನಗರದ ಕೋರ್ಟ್ ಹತ್ರ ಟೈಪ್ ಹೊಡೆಯೋರು ಪುಟಕ್ಕಿಷ್ಟು ಅಂತ ತಗೊಳ್ತಾರೆ. ನಿಮ್ ಮಗಳ ಫೀಜು ಕಿತ್ಕೊಳ್ಳೋ ಪತ್ರಾನ ಬಿಟ್ಟಿ ಬರ್ದಿದೀರಲ್ಲಾ, ಏನ್ ಹೇಳ್ಲಿ ನಿಮ್ಗೆ" ಎಂದು ಸೊಪ್ಪಿನ ಕಡ್ಡಿಗಳನ್ನು ನನ್ನ ಕಡೆಗೇ ಒಟ್ಟಿದಳು. ಮುಷ್ಕರಕ್ಕೆ ಹೋಗಲೇ, ಬೇಡವೇ ಎಂದು ಕೇಳಿದ್ದಕ್ಕೆ, "ಹೋದ್ರೆ ಫೀಜು ಹೋಗುತ್ತೆ, ಹೋಗ್ದಿದ್ರೆ ಮುಖ ಹೋಗುತ್ತೆ. ಫೀಜಿಗೆ ನಮ್ಮಣ್ಣನ್ನ ಕೇಳ್ಬೋದು" ಎಂದಳು. ಮುಖಕ್ಕೆ ಯಾರನ್ನು ಕೇಳಬಹುದೆಂದು ಹೇಳಲಿಲ್ಲ.

ನಿನ್ನೆ ಆತಿಕಾ ಟೀಚರ್ ನೋಟಿಸನ್ನು ಹಿಡಿದುಕೊಂಡು ಬಂದು ನನ್ನ ಮೇಜಿನ ಎದುರು ಕೂತರು. ಅವರ ಕೈಯಲ್ಲಿ ಮನವಿ ಪತ್ರದ ಪ್ರತಿಯೂ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇದ್ದ ಆತಿಕಾ ಎಂಬ ಹೆಸರಿನ ಮೇಲೆ ಬೆರಳಿಟ್ಟರು. ಒಂದೇ ಕೈ, ಒಂದೇ ಪೆನ್ನು, ಒಂದೇ ದುಂಡು ಅಕ್ಷರ. ನಾನು ಬೈಗುಳಕ್ಕೆ ಸಿದ್ಧನಾದೆ. ಅವರು ಬೈಯಲಿಲ್ಲ. "ನನ್ ಹೆಸ್ರು ಎಷ್ಟ್ ಚೆಂದ ಬರ್ದಿದೀರಾ ಸರ್, ಎರಡೂ ಕಡೆ. ನಿಮ್ದು ಮಾತ್ರ ಎಲ್ಲೂ ಇಲ್ಲ" ಎಂದರು. ನಾನು ಏನೋ ಪುಟದ ಅಂದದ ಬಗ್ಗೆ ಹೇಳಲು ಹೊರಟೆ. ಅವರು ನೋಟಿಸನ್ನು ನನ್ನತ್ತ ಸರಿಸಿ, "ಇರ್ಲಿ ಬಿಡಿ ಸರ್. ಇದಕ್ಕೆ ಆನ್ಸರ್ರೂ ನೀವೇ ಬರ್ಕೊಡ್ಬೇಕು, ಇನ್ಯಾರಿದಾರೆ ನಮ್ಗೆ? ನಿಮ್ ನೋಟಿಸಿಗಿಂತ ಚೆನ್ನಾಗಿರ್ಬೇಕು ಅಷ್ಟೇ" ಎಂದರು. ಗಂಟೆ ಹೊಡೆದದ್ದರಿಂದ ಎಂಟನೇ ತರಗತಿಗೆ ಹೋದರು.

ಬರೆಯಲು ಕೂತೆ. ನೋಟಿಸಿನ ಒಂದೊಂದು ವಾಕ್ಯಕ್ಕೂ ಉತ್ತರ ಸಿಕ್ಕಿತು. ಅದರಲ್ಲೂ ಮತ್ತೆ ತಂದು ಸೇರಿಸಿದ್ದ ತಕ್ಕಡಿಯ ವಾಕ್ಯವನ್ನು ಅರ್ಧ ಸಾಲಿನಲ್ಲಿ ಮುರಿದುಹಾಕಿದೆ. ಆದರೆ ನಾಲ್ಕನೇ ಪ್ಯಾರಾದಲ್ಲಿ ನಾನೇ ಅಭಿಮಾನದಿಂದ ಸೇರಿಸಿದ್ದ ಒಂದು ಅಂಕಿ ಇತ್ತು: 'ಶಾಲೆಯ 21 ಶಿಕ್ಷಕರ ಪೈಕಿ ಕೇವಲ 10 ಮಂದಿ ಮುಷ್ಕರದ ಪರವಾಗಿದ್ದು, ಬಹುಮತವು ಆಡಳಿತ ಮಂಡಳಿಯ ಜೊತೆಗಿದೆ.' ಇದನ್ನು ಯಾವ ಅಲಂಕಾರದಿಂದಲೂ ಅಲ್ಲಾಡಿಸಲಾಗಲಿಲ್ಲ. ಮನೆಗೆ ಬರುವ ದಿನಪತ್ರಿಕೆಯಲ್ಲಿ ನಾನು ಮೊದಲು 'ತಿದ್ದುಪಡಿ' ಎಂಬ ಸಣ್ಣ ಚೌಕವನ್ನು ಓದಿ ಆಮೇಲೆ ಮುಖಪುಟಕ್ಕೆ ಹೋಗುವವನು. ಅಂಕಿಯ ಎದುರು ನನ್ನ ವಾಕ್ಪಟುತ್ವ ನಡೆಯದೆಂದು ಬಲ್ಲೆ. ಇಪ್ಪತ್ತೊಂದರಿಂದ ಆ ಹತ್ತನ್ನು ಕಳೆದು ನೋಡಿದೆ. ಆ ಇಪ್ಪತ್ತೊಂದರಲ್ಲಿ ನಾನೂ ಒಬ್ಬ. ತಮ್ಮ ಜೊತೆಗಿರುವ ಬಹುಮತವೆಂದರೆ ಹನ್ನೊಂದು ಜನ, ಅವರಲ್ಲಿ ಹನ್ನೊಂದನೆಯವನು ಜ್ವರಕ್ಕಾಗಿ ಕಾಯುತ್ತಿರುವ ಕನ್ನಡ ಮೇಷ್ಟ್ರು.

ಆದ್ದರಿಂದ, ಮಾನ್ಯರೇ, ಉಳಿದಿದ್ದ ಹನ್ನೊಂದನೇ ನೋಟಿಸಿನಲ್ಲಿ ಇಂದು ನನ್ನ ಹೆಸರನ್ನು ತುಂಬಿ, ನನಗೆ ನಾನೇ ಜಾರಿ ಮಾಡಿಕೊಂಡು, ಸ್ವೀಕರಿಸಿದ್ದಕ್ಕೆ ಸಹಿಯನ್ನೂ ಹಾಕಿದ್ದೇನೆ. ನಾಲ್ಕನೇ ಪ್ಯಾರಾವನ್ನು '21 ಶಿಕ್ಷಕರ ಪೈಕಿ 11 ಮಂದಿ' ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ. 'ಕೇವಲ' ಎಂಬುದನ್ನು ತಾವು ಉಳಿಸಿಕೊಳ್ಳಬಹುದು, ಅದಕ್ಕೆ ನನ್ನ ಆಕ್ಷೇಪವಿಲ್ಲ.

ಇದರ ಜೊತೆಗೆ ಕೆಲವು ಸಣ್ಣ ಕೋರಿಕೆಗಳಿವೆ. ನಾಳೆ ಬೆಳಿಗ್ಗೆ ತಾವು ಕಾರಿನಲ್ಲಿ ಒಳಗೆ ಬರುವಾಗ ಎಂದಿನಂತೆ ನನ್ನನ್ನು ನೋಡಿ ನಗಬಾರದು. ನಕ್ಕರೆ ಅಭ್ಯಾಸಬಲದಿಂದ ನಾನು ಎದ್ದು ನಮಸ್ಕಾರ ಮಾಡಿ ಕಾರಿನ ಹಿಂದೆಯೇ ಒಳಗೆ ಬಂದುಬಿಡುವ ಅಪಾಯವಿದೆ. ಮೋನಿಷಾಳ ಶುಲ್ಕವನ್ನು ಪುನರ್‌ಪರಿಶೀಲಿಸುವುದಾದರೆ, ಆ ಪದವನ್ನು ಅವಳ ಅಪ್ಪ ಎಷ್ಟು ಕಷ್ಟಪಟ್ಟು ಹುಡುಕಿದ್ದನೆಂಬುದನ್ನು ಪರಿಗಣಿಸಿ ಶೇಕಡ ಐದಾದರೂ ಬಿಡಬೇಕು. ಮುಖ್ಯವಾಗಿ, ಈ ಶಾಲೆಗೆ ಇನ್ನೊಬ್ಬ ಕನ್ನಡ ಶಿಕ್ಷಕರನ್ನು ಕೂಡಲೇ ನೇಮಿಸಬೇಕು. ನನ್ನ ವಿರುದ್ಧ ಬರೆಯಲು ನನಗಿಂತ ಸಮರ್ಥರು ಒಬ್ಬರು ಸಿಗುವವರೆಗೂ ನನಗೆ ನೆಮ್ಮದಿ ಇಲ್ಲ. ಅವರಿಗೆ ಪೂರ್ತಿ ಸಂಬಳ ಕೊಡಿ. ಅರ್ಧ ಹೊಟ್ಟೆಯಲ್ಲಿ ಬರೆಯುವವರು ಕಾಫಿಗೆ ಒಲಿದುಬಿಡುತ್ತಾರೆ, ಇದು ಅನುಭವದ ಮಾತು.

ಮುನಿರಾಜ್ ಅವರೇ, ತಾವೂ ಇದನ್ನು ಓದುತ್ತಿದ್ದೀರೆಂದು ಬಲ್ಲೆ. ಆ ಮಹಾನುಭಾವ ನಾನೇ. ಸಂಬಳ ಕೇಳಿದ್ದು ತಪ್ಪಲ್ಲ. ಆ ವಾಕ್ಯ ತಪ್ಪು.

ಇಂದಿನವರೆಗೆ ತಮ್ಮ ಗುಪ್ತ ಬರಹಗಾರನಾಗಿದ್ದು, ನಾಳೆಯಿಂದ ಬಹಿರಂಗವಾಗಿ

ತಮ್ಮ ವಿಶ್ವಾಸಿ,
ಅಂಜನಮೂರ್ತಿ
ಕನ್ನಡ ಶಿಕ್ಷಕ

ಮರೆತ ಮಾತು: ಈ ಪತ್ರಕ್ಕೆ ಉತ್ತರವನ್ನು ಬರೆದೇ ಕೊಡಬೇಕೆಂದಿಲ್ಲ. ಗೇಟಿನ ಹೊರಗೆ ಬಂದು ಬಾಯಿಮಾತಿನಲ್ಲೇ ಹೇಳಬಹುದು, ಹನ್ನೊಂದು ಜನರೂ ಕೇಳಿಸಿಕೊಳ್ಳುತ್ತೇವೆ. ತಮ್ಮ ಕೊಠಡಿಯಿಂದ ಅಲ್ಲಿಗೆ ನಲವತ್ತೆರಡು ಹೆಜ್ಜೆ. ಇಂದು ಸಂಜೆ ನಾನೇ ಎಣಿಸಿ ನೋಡಿದ್ದೇನೆ. ನನಗೆ ಹನ್ನೆರಡು ದಿನ ಹಿಡಿಯಿತು. ತಮಗೆ ಅಷ್ಟು ಬೇಕಾಗಲಾರದು.