ಮರದ ಮುಂದೆ ಮಂಡಿಸಿದ ವಾದ

ಶಾಂತಿಯ ಹೆಸರೆತ್ತಿದರೆ ನನಗೆ ಸಿಟ್ಟು ಬರುತ್ತದೆ. ಅದು ತಾನಾಗಿ ಬಂದರೆ ಬರಲಿ, ಬೇಡವೆನ್ನುವಷ್ಟು ದುಷ್ಟ ನಾನಲ್ಲ. ಆದರೆ ಅದನ್ನು ಕಲಿಸುತ್ತೇವೆಂದು ಚಳಿಗಾಲದ ಮುಂಜಾನೆ ಜನರನ್ನು ಹಾಸಿಗೆಯಿಂದ ಎಬ್ಬಿಸಿ, ಬಸ್ಸಿಗೆ ತುಂಬಿ, ಹುಕ್ಕೇರಿ ದಾಟಿಸಿ ಕಾಡಿಗೆ ಒಯ್ಯುತ್ತಾರಲ್ಲ, ಅವರನ್ನು ಮಾತ್ರ ಕ್ಷಮಿಸಲಾರೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿಂದ ಗೋಕಾಕದ ಮನೆಯ ಷೋಕೇಸು ತುಂಬಿಸಿದವನು ನಾನು. ನನ್ನಂಥವನನ್ನು ಮರದ ಬುಡದಲ್ಲಿ ಕೂರಿಸಿ ಮಾತಾಡಬೇಡ ಎಂದರೆ ಏನರ್ಥ?

ನಾನು ಹೋದದ್ದು ಹೆಂಡತಿ ಸುನಂದಾಳ ಬೆನ್ನು ಹಿಡಿದು. ಅವಳ ತವರು ದಡ್ಡಿ ಎಂಬ ಹಳ್ಳಿ. ಎಳ್ಳಮಾವಾಸ್ಯೆಗೆ ಇಬ್ಬರೂ ಅಲ್ಲಿಗೆ ಹೋಗಿ, ಹೊಲದಲ್ಲಿ ಬೆಳೆಯ ಪೂಜೆ ಮುಗಿಸಿ ಎಲ್ಲರೊಂದಿಗೆ ಕೂತು ಉಣ್ಣಬೇಕೆಂಬುದು ಅವಳ ಆಸೆ. ಬಿತ್ತಿದವರು ಅವರು, ಪೂಜೆಯೂ ಅವರದು, ನಾವು ಹೋದರೆ ಜೋಳದ ತೆನೆಗೆ ಒಂದು ಕಾಳೂ ಹೆಚ್ಚಾಗದು ಎಂದು ನಾನು ಮೂರು ಅಂಶಗಳಲ್ಲಿ ಸಾಧಿಸಿದೆ. ಗೆದ್ದೆ ಎಂದುಕೊಂಡೆ. ಅಂದಿನಿಂದ ಅವಳು ನನ್ನೊಡನೆ ಮಾತೇ ಬಿಟ್ಟಳು. ಅಮಾವಾಸ್ಯೆಯ ಹಿಂದಿನ ದಿನ ಕಾಡಿನ ಈ ಶಾಂತಿ ಶಿಬಿರಕ್ಕೆ ಹೊರಟವಳು, "ಅಲ್ಲಿಂದ ಹಂಗ ದಡ್ಡಿಗೆ ಹೋಗ್ತೇನಿ" ಎಂದು ಗೋಡೆಗೆ ಹೇಳಿದಳು. ಯಾವಾಗ ತಿರುಗಿ ಬರುತ್ತಾಳೆಂದು ಗೋಡೆಗೂ ಹೇಳಲಿಲ್ಲ. ನಾನು ಹೆದರಿ ಬಸ್ಸು ಹತ್ತಿದೆ.

"ಸದ್ದಿಲ್ಲದೆ ನಡೆಯಿರಿ" ಎಂದು ಶಿಬಿರದ ಮಾರ್ಗದರ್ಶಕ ಮಂಕಿಕ್ಯಾಪಿನೊಳಗಿಂದ ಪಿಸುಗುಟ್ಟಿದ. ನೆಲದ ತುಂಬ ಒಣಗಿದ ತೇಗದೆಲೆ! ಒಂದು ಬಸ್ಸಿನ ಜನ ಹಪ್ಪಳದ ರಾಶಿ ತುಳಿದಂತಾಯಿತು. ಆಮೇಲೆ ಒಬ್ಬೊಬ್ಬರನ್ನೂ ಒಂದೊಂದು ಮರದ ಬಳಿ ಕೂರಿಸಿ, "ಮರ ನಿಮಗೇನೋ ಹೇಳುತ್ತದೆ, ಕೇಳಿಸಿಕೊಳ್ಳಿ" ಎಂದ. ಪುರಾವೆ ಏನು ಎಂದು ಕೇಳಿದೆ. "ಶ್" ಎಂದ. ವಾದ ಗೆಲ್ಲುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನು ಅಷ್ಟು ಪುಸ್ತಕ ಓದುತ್ತಿರಲಿಲ್ಲ.

ನನ್ನ ಮರ ಏನೂ ಹೇಳಲಿಲ್ಲ. ಮಾತು ಕೇಳಿಬಂದದ್ದು ಅದರ ಆಚೆ ಬದಿಯಿಂದ. ನಮ್ಮ ಕಡೆ ಇಬ್ಬರು ಅಕ್ಕಪಕ್ಕ ಕೂತ ಮೇಲೆ ಊರು ಕೇಳದೆ ಇರುವುದು ಸಾಧ್ಯವೇ ಇಲ್ಲ. ಮೂಡಲಗಿಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು, ಎಲ್ಲರಿಗೂ ಕಾಕು, ಸುನಂದಾಳ ಕಡೆ ಸರಿದಿದ್ದರು.

"ಯಾವೂರವಾ ನಿಂದು?"

"ತವರಮನಿ ದಡ್ಡಿರಿ. ಕೊಟ್ಟಿದ್ದು ಗೋಕಾಕ."

"ಗಂಡ ಬಂದಾನೇನ?"

"ಬಂದಾರ್ರಿ. ಆ ಗಿಡದ ಹಿಂದ ಸಿಟ್ಟಿಲೆ ಕುಂತಾರ."

ನೋಡನೋಡುತ್ತ ನಮ್ಮ ಜಗಳವೆಲ್ಲ ಕಾಕುವಿನ ಕಿವಿ ಸೇರಿತು. "ಖರೇನ ಹಂಗಂದನ? ಮೂಳ!" ಎಂದರು.

ಪ್ರತಿವಾದಿಯನ್ನು ಕೇಳದೆಯೇ ತೀರ್ಪು! ನಾನು ಎದ್ದು ನಿಂತೆ. "ಕಾಕು, ನನ್ನ ಮಾತೂ ಕೇಳ್ರಿ. ಮೊದಲನೆಯದಾಗಿ..." ಎಂದು ಕಾಡಿಗೆಲ್ಲ ಕೇಳುವಂತೆ ಶುರು ಮಾಡಿದೆ. ಹಕ್ಕಿಗಳು ಎದ್ದು ಹೋದವು. ಕಣ್ಣು ಮುಚ್ಚಿದ್ದವರೆಲ್ಲ ತೆರೆದು ಇತ್ತ ತಿರುಗಿ ಕೂತರು. ತೆನೆಯ ಕಾಳಿನ ಅಂಶಕ್ಕೆ ಬರುವಾಗ ಆ ತಣ್ಣನೆಯ ನಿಶ್ಶಬ್ದದಲ್ಲಿ ನನ್ನ ಮಾತು ನನಗೇ ಸಪ್ಪೆಯಾಗಿ ಕೇಳಿಸಿತು. ಆದರೂ ಮುಗಿಸಿದೆ.

"ಆತೇನಪಾ? ಛಂದ ಮಾತಾಡ್ತಿ," ಎಂದರು ಕಾಕು. "ಈಗ ಹೇಳು, ಅಲ್ಲಿಗೆ ಹೋಗಾಕ ನಿಂಗ ಯಾಕ ಮನಸಿಲ್ಲ?"

ಇದಕ್ಕೆ ನನ್ನಲ್ಲಿ ತಯಾರಿ ಇರಲಿಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು: "ಅಲ್ಲಿ ಯಾರೂ ನನ್ನ ಜೋಡಿ ವಾದಾ ಮಾಡೂದಿಲ್ರಿ! ಸೂರ್ಯ ಪಶ್ಚಿಮಕ್ಕ ಹುಟ್ಟತಾನಂದ್ರೂ 'ಹೌದ್ರಿ ಅಳಿಯಾರ' ಅಂತಾರ. ಗಂಟಲಾಗ ತುತ್ತ ಇಳಿಯಂಗಿಲ್ಲ."

ಸುನಂದಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮರಕ್ಕೆ ಆತುಕೊಂಡು ನಕ್ಕಳು. "ಇಷ್ಟ ಏನ್ರಿ? ಮೊದಲ ಹೇಳಬಾರ್ದ? ನಡೀರಿ ದಡ್ಡಿಗೆ, ನಮ್ಮಪ್ಪಗ ನಾ ಹೇಳ್ತೇನಿ."

"ನೋಡಿದಿರಾ, ಕಾಡಿನ ಮೌನದ ಶಕ್ತಿ!" ಎಂದ ಮಾರ್ಗದರ್ಶಕ. ಕೂಗಿದವನು ನಾನು, ಶ್ರೇಯಸ್ಸು ಮೌನಕ್ಕೆ! ಅವನಿಗೆ ಸರಿಯಾದ ಉತ್ತರ ಕೊಡುವಷ್ಟರಲ್ಲಿ ಸುನಂದಾ ನನ್ನ ತೋಳು ಹಿಡಿದೆಳೆದಳು. ಎಷ್ಟೋ ದಿನದ ಮೇಲೆ ಹಿಡಿದ ಕೈ, ಸುಮ್ಮನೆ ನಡೆದೆ.

ಮರುದಿನ ಹೊಲದಲ್ಲಿ ಪಂಕ್ತಿ ಕೂತಿತು. ಮಾವನವರು ನನ್ನ ಎಲೆಗೆ ಹೋಳಿಗೆ ಹಾಕಿ, ಮಗಳ ಮುಖ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಅಳಿಯಾರ, ನೀವು ಹೇಳೂದೆಲ್ಲಾ ತಪ್ಪ ಐತಿ."

ನಾನಿನ್ನೂ ಬಾಯಿ ತೆರೆದಿರಲೇ ಇಲ್ಲ.