ಭಾವನ ಪೆಟ್ಟಿಗೆಯೊಳಗೆ ಗುಲಾಬಕ್ಕ

ನಮ್ಮ ಭಾವ ಯಾರ ಮನೆಗೆ ಹೋದರೂ ಬಾಗಿಲು ಬಡಿಯುತ್ತಾರೆ. ಅದರಲ್ಲೇನು ವಿಶೇಷ, ಎಲ್ಲರೂ ಬಡಿಯುವುದಿಲ್ಲವೇ ಎನ್ನಬೇಡಿ. ಎಲ್ಲರೂ ಬಾಗಿಲು ತೆರೆಯುವವರೆಗೆ ಬಡಿಯುತ್ತಾರೆ. ನಮ್ಮ ಭಾವ ತೆರೆದ ಮೇಲೂ ಬಡಿಯುತ್ತಾರೆ! ಮೇಲೆ ಒಮ್ಮೆ, ಕೆಳಗೆ ಒಮ್ಮೆ, ನಡುವೆ ಬೆರಳ ಗೆಣ್ಣಿನಿಂದ ಟಕ್ ಟಕ್. ಆಮೇಲೆ ಹಲಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಹಲಸಿಂದು. ಚಲೋ ಒಣಗಿದ್ದು" ಎಂದು ತೀರ್ಪು ಕೊಟ್ಟಮೇಲೆಯೇ ಚಪ್ಪಲಿ ಕಳಚುವುದು.

ನಮ್ಮ ಅಕ್ಕನನ್ನು ನೋಡಲು ಅಂಕೋಲೆಯ ನಮ್ಮ ಮನೆಗೆ ಬಂದ ದಿನವೂ ಹೀಗೇ ಆಯಿತು. ಅಕ್ಕ ಹೊಸ ಸೀರೆಯುಟ್ಟು, ಚಹಾದ ಟ್ರೇ ಹಿಡಿದು, ತಲೆ ತಗ್ಗಿಸಿ ಹೊರಗೆ ಬಂದರೆ ಕುರ್ಚಿಯಲ್ಲಿ ವರನೇ ಇಲ್ಲ. ಅವರು ಜಗಲಿಯ ಕಂಬಕ್ಕೆ ಕಿವಿ ಹಚ್ಚಿ ನಿಂತಿದ್ದರು. ಅಪ್ಪನಿಗೆ ಅವಮಾನವಾದಂತಾಗಿ, "ಗೆದ್ದಲು ಹಿಡೀಲಿಲ್ಲ ತಮಾ, ಗಟ್ಟಿ ಅದೆ" ಎಂದರು. "ಹುಡುಗಿ ಹೆಂಗಿದ್ದಾಳೆ?" ಎಂದು ಯಾರೋ ಕೇಳಿದ್ದಕ್ಕೆ ಭಾವ ತಡಬಡಾಯಿಸಿ, "ನಾದ ಚಲೋ ಅದೆ" ಎಂದುಬಿಟ್ಟರು! ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ಗಾದೆ ಹೇಳುತ್ತದೆ. ಗಾದೆ ಮಾಡಿದವರು ನಮ್ಮ ಭಾವನನ್ನು ನೋಡಿರಲಿಲ್ಲ. ಮದುವೆಯೂ ಆಯಿತು, ಹುಚ್ಚೂ ಉಳಿಯಿತು.

ಹುಚ್ಚು ಯಾವುದೆಂದರೆ, ಮನೆಯಲ್ಲೇ ಮರದ ಸ್ಪೀಕರ್ ಪೆಟ್ಟಿಗೆ ಕಟ್ಟುವುದು. ಕಾರವಾರದ ಕೋಡಿಬಾಗದಲ್ಲಿ ಅವರ ಮನೆ. ಹಗಲಿಡೀ ಕೆಲಸ, ಮೀನಿಗೆ ಬೇಕಾದ ಮಂಜುಗಡ್ಡೆ ಮಾಡುವ ಫ್ಯಾಕ್ಟರಿಯಲ್ಲಿ. ಅಲ್ಲಿನ ಯಂತ್ರದ ಗದ್ದಲವನ್ನು ನೀವು ಕೇಳಬೇಕು! ಅಲ್ಲಿ ದುಡಿದವರೆಲ್ಲ ಮನೆಗೆ ಬಂದು ಟಿವಿಯ ದನಿ ಓಣಿಗೆಲ್ಲ ಕೇಳುವಂತೆ ಇಡುತ್ತಾರೆ. ನಮ್ಮ ಭಾವ ಮಾತ್ರ ಅದೇ ಗದ್ದಲದಿಂದ ಎದ್ದು ಬಂದು, ಸೊಳ್ಳೆ ಪರದೆಯ ಯಾವ ಮೂಲೆಯಲ್ಲಿ ಸೊಳ್ಳೆ ಇದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ದೇವರು ಅವರಿಗೆ ಕೊಟ್ಟ ಕಿವಿಯನ್ನು ನಮಗೆಲ್ಲ ಯಾಕೆ ಕೊಡಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಕ ಹೇಳುತ್ತಾಳೆ, "ಒಂದು ಮನೆಗೆ ಅಂಥದ್ದು ಒಂದು ಸಾಕು ತಂಗೀ!"

ಮನೆಯ ಹಾಲ್ ತುಂಬ ಪೆಟ್ಟಿಗೆಗಳು. ಕೂರಲು ಕುರ್ಚಿ ಹುಡುಕಿದರೆ ಅದೂ ಪೆಟ್ಟಿಗೆ. ಹಣಕೋಣದ ನೆಂಟರ ಹಿತ್ತಲಲ್ಲಿ ಹಲಸಿನ ಮರ ಗಾಳಿಗೆ ಬಿದ್ದರೆ ಮರ ಬಿದ್ದ ಸುದ್ದಿ ಮೊದಲು ಬರುವುದು ಭಾವನಿಗೆ. ಹೊಳೆದಂಡೆಯಲ್ಲಿ ಹಳೆ ದೋಣಿ ಒಡೆಯುತ್ತಾರೆಂದರೆ ರಜೆ ಹಾಕಿ ಹೋಗುತ್ತಾರೆ. "ಉಪ್ಪು ನೀರು ಕುಡ್ದು ಕುಡ್ದು ಬಲಿತ ಹಲಗೆ. ಅದಕ್ಕೆ ಇನ್ನು ಡೊಂಕಾಗೂದು ಹೇಳಿ ಇಲ್ಲ" ಎಂದು ಹೇಳಿ ಅಂಥ ಹಲಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಬರುತ್ತಾರೆ.

ಸ್ಪೀಕರ್ ಮಾಡುವವರು ಹಾಡು ಹಾಕಿ ಪರೀಕ್ಷೆ ಮಾಡುತ್ತಾರಂತೆ. ನಮ್ಮ ಭಾವನ ಪರೀಕ್ಷೆಯೇ ಬೇರೆ. ದಿನಾ ಬೆಳಿಗ್ಗೆ ಅವರ ಓಣಿಗೆ ಮೀನು ತರುವ ಗುಲಾಬಕ್ಕ ಎಂಬ ಹೆಂಗಸಿದ್ದಾಳೆ. ಅವಳಿಗಿಂತ ಮೊದಲು ಅವಳ ತಾಯಿ, ಅವಳ ಬಾಯಲ್ಲಿ 'ಆಯಿ', ಅದೇ ಓಣಿಗೆ ಬರುತ್ತಿದ್ದಳು. ಗುಲಾಬಕ್ಕನ ಕೂಗು "ಬಾಂಗ್ಡೇ..." ಎಂಬಲ್ಲಿ ಹೊಟ್ಟೆಯಿಂದ ಹೊರಟು, "ತಾರ್ಲೇ..." ಎಂಬಲ್ಲಿ ಎದೆಗೆ ಬಂದು, ಕೊನೆಗೆ ಸಿಗಡಿಯ ಸರದಿ ಬಂದು "ಶೆಟ್ಲೀ..." ಎಂಬಲ್ಲಿ ತೆಂಗಿನ ಮರ ಹತ್ತುತ್ತದೆ. ಭಾವ ಫೋನನ್ನು ಕಿಟಕಿಯಲ್ಲಿಟ್ಟು ಆ ಕೂಗನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಬರೀ ಕೂಗಲ್ಲ, ಅಕ್ಕನೊಡನೆ ಅವಳು ಚೌಕಾಸಿಯಲ್ಲಿ ಮಾಡುವ ಜಗಳವೂ ಅದರ ಜೊತೆ ಬಂದಿತ್ತು.

"ಭಾವಾ, ಎಷ್ಟೆಲ್ಲ ಚಂದದ ಹಾಡು ಇದ್ದಾವೆ. ಮೀನಿನ ಕೂಗು ಯಾಕೆ?" ಎಂದು ನಾನೊಮ್ಮೆ ಕೇಳಿದೆ.

"ಹಾಡು ಹಾಡ್ದವಳು ಎದುರಿಗೆ ಕೂತು ಹಾಡಿದ್ರೆ ಹೆಂಗೆ ಕೇಳ್ತಿತ್ತು ಹೇಳಿ ನಿಂಗೆ ಗೊತ್ತದ್ಯಾ? ನಂಗೂ ಗೊತ್ತಿಲ್ಲ. ಗುಲಾಬಕ್ಕಂದು ದಿನಾ ಕೇಳೂದು. ಪೆಟ್ಟಿಗೆ ಸುಳ್ಳು ಹೇಳಿದ್ರೆ ಕೂಡ್ಲೆ ಸಿಕ್ಕಿ ಬೀಳ್ತದೆ."

ಒಂದೇ ಒಂದು ಸಲ ಗುಲಾಬಕ್ಕನ ದನಿ ಮರದಿಂದ ಜೀವಂತ ಹೊರಬರಬೇಕು, ಅಷ್ಟೇ ಭಾವನಿಗೆ ಬೇಕಾದದ್ದು. ಪೆಟ್ಟಿಗೆ ಮೇಲೆ ಪೆಟ್ಟಿಗೆ ಕಟ್ಟಿದರೂ ಬರಲಿಲ್ಲ. ಒಂದರಲ್ಲಿ ಅವಳಿಗೆ ನೆಗಡಿ, ಇನ್ನೊಂದರಲ್ಲಿ ಅವಳು ಬಾವಿಯೊಳಗೆ!

ಪೆಟ್ಟಿಗೆಯ ಸಂದಿನಿಂದ ಗಾಳಿ ಸೋರುತ್ತದೆ, ಅದೇ ದೋಷ ಎಂದು ಭಾವ ಕಂಡುಕೊಂಡರು. ಕೋಡಿಬಾಗದಲ್ಲಿ ಹುಟ್ಟಿ ಬೆಳೆದವರಿಗೆ ಸಂದು ಮುಚ್ಚಲು ಯಾರ ನೆನಪಾಗಬೇಕು? ದೋಣಿ ಕಟ್ಟುವವರದು. ಅವರ ಹಾಗೆಯೇ ಸಂದಿಗೆ ಹತ್ತಿ ತುರುಕಿ, ಮೇಲೆ ತಾರ್ಲೆ ಮೀನಿನ ಎಣ್ಣೆ ಬಳಿದರು. ಮಾರನೆಯ ದಿನ ಬಾಗಿಲು ತೆರೆದರೆ ಅಂಗಳದಲ್ಲಿ ಕೋಡಿಬಾಗದ ಸಮಸ್ತ ಬೆಕ್ಕುಗಳ ಸಭೆ! ಕಿಟಕಿಯಲ್ಲಿ ಬೆಕ್ಕು, ಮಾಡಿನ ಮೇಲೆ ಬೆಕ್ಕು, ಒಂದಂತೂ ಪೆಟ್ಟಿಗೆಯ ತೂತಿನೊಳಗೇ ಸಂಸಾರ ಹೂಡುವ ಹವಣಿಕೆಯಲ್ಲಿತ್ತು. "ಸಂಗೀತ ಕೇಳೂಕೆ ಜನ ಬರ್ತಾರೆ ಹೇಳಿದ್ರಿ. ಬಂದಾರೆ ನೋಡಿ" ಎಂದಳು ಅಕ್ಕ.

ಭಾವ ಇದನ್ನೆಲ್ಲ ಲೆಕ್ಕಿಸುವ ಆಸಾಮಿಯೇ? ಸಂದು ನಿಜಕ್ಕೂ ಮುಚ್ಚಿದೆಯೇ ಎಂಬುದೊಂದೇ ಅವರ ಚಿಂತೆ. ದೋಣಿಯ ಪರೀಕ್ಷೆ ಎಲ್ಲಿ ಆಗುತ್ತದೆ? ಹೊಳೆಯಲ್ಲಿ. "ನೀರು ಒಳಗೆ ಹೋಗದಿದ್ರೆ ಗಾಳಿನೂ ಹೊರಗೆ ಬರೂದಿಲ್ಲ" ಎಂದು ಸ್ಪೀಕರ್ ಕೂರಿಸುವ ತೂತಿಗೆ ಹಲಗೆ ಬಡಿದು, ಪೆಟ್ಟಿಗೆಯನ್ನು ಹೊತ್ತು ಕಾಳಿ ಹೊಳೆಗೆ ಹೊರಟರು. ಹಿಂದಿನಿಂದ ಅಕ್ಕ, ನಾನು, ಅರ್ಧ ಓಣಿ, ಪೂರ್ತಿ ಬೆಕ್ಕುಗಳು. ಯಾರೋ ತೆಂಗಿನಕಾಯಿಯನ್ನೂ ತಂದಿದ್ದರು. ಹೊಸ ದೋಣಿ ನೀರಿಗಿಳಿಸುವಾಗ ಕಾಯಿ ಒಡೆಯದಿದ್ದರೆ ಹೇಗೆ?

ಪೆಟ್ಟಿಗೆ ಬಾತುಕೋಳಿಯ ಹಾಗೆ ಚಂದವಾಗಿ ತೇಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನೂ ಚಂದವಾಗಿ ತೇಲುತ್ತ ತೇಲುತ್ತ ಸಮುದ್ರದ ಕಡೆಗೆ ಹೊರಟಿತು! ಹೊಳೆದಂಡೆಯಲ್ಲೇ ಹುಟ್ಟಿದ ಮನುಷ್ಯ, ಉಬ್ಬರ ಮುಗಿದು ಇಳಿತದ ಹೊತ್ತು ಎಂಬುದನ್ನೇ ಮರೆತಿದ್ದರು. ಭಾವ ಪ್ಯಾಂಟು ಮಡಚಿ ಸೊಂಟಮಟ್ಟದ ನೀರಿನವರೆಗೆ ಓಡಿದರು. ಬುಟ್ಟಿ ಇಳಿಸಿ ನಿಂತಿದ್ದ ಗುಲಾಬಕ್ಕ ದಂಡೆಯಿಂದ ಕೂಗಿದಳು, "ತಮಾ, ಬಿಡಾ ಅದನ್ನ! ಗೋವೆಗೆ ಹೋಗಿ ಹಾಡಿ ದುಡ್ಕೊಂಡು ಬತ್ತದೆ!" ಕೊನೆಗೆ ಬಲೆ ಬೀಸಲು ಹೋಗಿದ್ದ ಒಬ್ಬರು ಅದನ್ನು ದೋಣಿಗೆ ಕಟ್ಟಿ ಎಳೆದು ತಂದರು. ಭಾವ ಹಲಗೆ ಬಿಚ್ಚಿ ಒಳಗೆ ಕೈ ಹಾಕಿದರು. ಕೊರೆದಾಗ ಒಳಗೆ ಉಳಿದಿದ್ದ ಮರದ ಹೊಟ್ಟು ಒಣಗಿದ್ದು ಒಣಗಿದ ಹಾಗೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ಪ್ರಸಾದದ ಹಾಗೆ ತೋರಿಸುತ್ತ ಬಂದರು. "ಮಗಳು ಹುಟ್ಟಿದ ದಿನಾನೂ ಇವರು ಇಷ್ಟು ನಗಲಿಲ್ಲ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಆ ಪೆಟ್ಟಿಗೆ ಹೇಗೆ ಹಾಡಿತು ಎನ್ನುತ್ತೀರಾ? ಕೇಳಿ. ಜೂನ್ ತಿಂಗಳು, ಮಳೆಗಾಲ, ದೋಣಿಗಳು ಸಮುದ್ರಕ್ಕೆ ಹೋಗುವುದು ಬಂದ್. ಒಣಮೀನು ತಿಂದು ತಿಂದು ಜನಕ್ಕೆ ಬೇಜಾರಾಗಿತ್ತು. ಒಂದು ಬೆಳಿಗ್ಗೆ, ಮಳೆ ಸ್ವಲ್ಪ ಹೊಳವಾದಾಗ, ಭಾವ ಆ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟು ಗುಂಡಿ ಒತ್ತಿದರು. "ಬಾಂಗ್ಡೇ... ತಾರ್ಲೇ... ಶೆಟ್ಲೀ..."

ನಾನು ಒಳಗಿನ ಕೋಣೆಯಲ್ಲಿದ್ದೆ. ಪೆಟ್ಟಿಗೆ ಕಟ್ಟಿದ್ದು ಗೊತ್ತು, ಮೀನಿಲ್ಲದ ಕಾಲ ಎಂಬುದು ಗೊತ್ತು. ಆದರೂ ಕೈ ತಾನಾಗಿ ತಟ್ಟೆಗೆ ಹೋಯಿತು ನೋಡಿ! ತಟ್ಟೆ ಹಿಡಿದು ಹೊರಗೆ ಬಂದರೆ ಓಣಿಯ ಪ್ರತಿ ಗೇಟಿನಲ್ಲೂ ಒಬ್ಬೊಬ್ಬರು, ಪ್ರತಿಯೊಬ್ಬರ ಕೈಯಲ್ಲೂ ಪಾತ್ರೆ. ಎದುರು ಮನೆಯ ಅಜ್ಜ ಛತ್ರಿ ಹಿಡಿದು, "ಶೆಟ್ಲಿ ಎಲ್ಲಿಂದ ಬಂತು ಮಾರಾಯ್ತಿ ಈಗ?" ಎಂದು ಖಾಲಿ ರಸ್ತೆಯನ್ನು ಕೇಳುತ್ತಿದ್ದರು. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳು ಯಾರು? ಸ್ವತಃ ಗುಲಾಬಕ್ಕ!

"ಯಾರದು? ನನ್ನ ಓಣಿಯಲ್ಲಿ ಬಂದು, ನನ್ನ ದನಿಯಲ್ಲೇ ಮೀನು ಮಾರೂದು ಯಾರು?"

ಅವಳನ್ನು ಸಮಾಧಾನ ಮಾಡಿ ಒಳಗೆ ಕರೆದು ಪೆಟ್ಟಿಗೆಯ ಮುಂದೆ ಕೂರಿಸಲು ಸಾಕುಬೇಕಾಯಿತು. ಭಾವ ಮತ್ತೆ ಗುಂಡಿ ಒತ್ತಿದರು. ಗುಲಾಬಕ್ಕ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇದು ನಂದಲ್ಲ ತಮಾ. ನಮ್ಮ ಆಯಿ ಕೂಗಿದ ಹಾಂಗೆ ಅದೆ" ಎಂದಳು. ತನ್ನ ದನಿಯನ್ನು ಹೊರಗಿನಿಂದ ಅವಳು ಕೇಳಿದ್ದು ಅದೇ ಮೊದಲು. ಇಷ್ಟು ದಿನ ತಮಾಷೆ ಮಾಡಿದ್ದ ನಾನು ತಟ್ಟೆ ಕೆಳಗಿಟ್ಟು ಪೆಟ್ಟಿಗೆಯ ಹತ್ತಿರ ಸರಿದೆ. ಹಲಸಿನ ಹಲಗೆ ಬಡಿದು ಬಡಿದು ಈ ಮನುಷ್ಯ ಎಂಥದನ್ನು ಹೊರಗೆ ತಂದರಪ್ಪಾ!

ಮಳೆಗಾಲ ಮುಗಿದು ದೋಣಿಗಳು ಸಮುದ್ರಕ್ಕಿಳಿದವು. ಗುಲಾಬಕ್ಕನ ದನಿ ಮಾತ್ರ ಒಡೆಯತೊಡಗಿತು. ಮೊದಲು ಭಾವನಿಗೇ ಗೊತ್ತಾದದ್ದು. "ಶೆಟ್ಲಿ ಹೇಳೂಕಾಗೂದಿಲ್ಲ ಅವಳಿಗೆ. ಡಾಕ್ಟರಿಗೆ ತೋರಿಸು ಹೇಳು" ಎಂದು ಅಕ್ಕನ ಬೆನ್ನು ಹತ್ತಿದರು. ತೋರಿಸಿದರೆ ಗಂಟಲಲ್ಲಿ ಗಂಟು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೆ ಬರುವುದಿಲ್ಲ, ಇನ್ನು ಕೂಗಲೇಬಾರದು ಎಂದರಂತೆ ಡಾಕ್ಟರು.

ಕೂಗದೆ ಮೀನು ಮಾರುವುದು ಹೇಗೆ? ಗೇಟಿನಿಂದ ಗೇಟಿಗೆ ತಟ್ಟುತ್ತ ನಿಂತರೆ ಓಣಿ ಮುಗಿಯುವುದರೊಳಗೆ ಐಸು ಕರಗಿ ನೀರಾಗುತ್ತದೆ. ಅಷ್ಟರಲ್ಲಿ ಸ್ಕೂಟರಿನಲ್ಲಿ ಬರುವವನು ತಗಡಿನ ಹಾರ್ನಿನಲ್ಲಿ "ಫಿಶ್ ಫಿಶ್" ಎಂದು ಕಿರುಚಿಸಿ ಮಾರಿ ಹೋಗಿರುತ್ತಾನೆ. ಗುಲಾಬಕ್ಕ ಕೆಲವು ದಿನ ಬಂದು, ಅರ್ಧ ಬುಟ್ಟಿ ಹಾಗೇ ಹೊತ್ತು ಹೋಗಿ, ಆಮೇಲೆ ಬರುವುದನ್ನೇ ಬಿಟ್ಟಳು. ತಾಯಿಯಿಂದ ಬಂದ ಓಣಿ ಕೈಬಿಟ್ಟು ಹೋಗುವ ಹಾಗಾಯಿತು. "ಅವಳು ಬರದಿದ್ರೆ ಮೀನೇ ಬೇಡ" ಎಂದು ಭಾವ ಬರೀ ಸಾರು ಕಲಸಿ ಉಂಡು ಏಳುತ್ತಿದ್ದರಂತೆ. ಕೋಡಿಬಾಗದ ಮನುಷ್ಯ ಮೀನಿಲ್ಲದೆ ಉಣ್ಣುವುದೆಂದರೆ ಅದು ಸೂತಕವೇ ಸರಿ!

ನಾನು ಮುಂದಿನ ಸಲ ಹೋದಾಗ ಹಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಹೊಳೆಯಲ್ಲಿ ತೇಲಿದ ಪೆಟ್ಟಿಗೆ, ಓಣಿಗೆಲ್ಲ ತಟ್ಟೆ ಹಿಡಿಸಿದ ಪೆಟ್ಟಿಗೆ, ಅದೇ ಇರಲಿಲ್ಲ.

"ಭಾವಾ, ಅದೆಲ್ಲಿ?"

"ಸಣ್ಣ ಮಾಡ್ದೆ."

ಗರಗಸ ಹಾಕಿ ಕೊಯ್ದುಬಿಟ್ಟಿದ್ದರು! ಜೀವಮಾನದಲ್ಲಿ ಒಮ್ಮೆ ಸರಿ ಬಂದ ಪೆಟ್ಟಿಗೆಯನ್ನು! ಬೇರೆ ಹಲಗೆ ಇರಲಿಲ್ಲವೇ ಎಂದು ಕೇಳಿದ್ದಕ್ಕೆ, "ಅವಳ ದನಿಗೆ ಒಗ್ಗಿದ ಮರ ಇದೊಂದೇ" ಎಂದರು. ಹೆಗಲಿಗೆ ನೇತು ಹಾಕಿಕೊಳ್ಳುವಷ್ಟು ಪುಟ್ಟ ಪೆಟ್ಟಿಗೆಯಾಗಿತ್ತು ಅದು. ಪುಟ್ಟ ಪೆಟ್ಟಿಗೆಯಿಂದ ದೊಡ್ಡ ದನಿ ತರುವುದು ಎಷ್ಟು ಕಷ್ಟ ಎಂಬುದು ಆಗಲೇ ನನಗೆ ತಿಳಿದದ್ದು. ಹಲಗೆ ಹೆರೆಯುವ ಕೀಸುಳಿ ಹಾಕುವುದು, ಕೇಳುವುದು, ತಲೆಯಾಡಿಸುವುದು, ಬಿಚ್ಚುವುದು. ಗುಲಾಬಕ್ಕನಿಗೆ ಮತ್ತೆ ನೆಗಡಿ, ಮತ್ತೆ ಬಾವಿ. ಆ ವಾರ ಭಾವನ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೊಂದು ದಿನ ಅಕ್ಕ ಬಚ್ಚಲಿಗೆ ಹೋದರೆ ಬಕೆಟ್ಟಿನ ನೀರಿನಲ್ಲಿ ಪೆಟ್ಟಿಗೆ ತೇಲುತ್ತಿತ್ತು. ಸದ್ಯ, ಬಕೆಟ್ಟಿಗೆ ಇಳಿತವಿಲ್ಲ!

ಮೊನ್ನೆ ರವಿವಾರ ನಾನು ಅಲ್ಲೇ ಇದ್ದೆ. ಗೇಟಿನ ಬಳಿ ನಿಂತಿದ್ದಾಗ ಓಣಿಯ ತಿರುವಿನಿಂದ ಬಂತು ನೋಡಿ, "ಬಾಂಗ್ಡೇ... ತಾರ್ಲೇ... ಶೆಟ್ಲೀ..." ಗೇಟುಗಳು ತೆರೆದವು, ಪಾತ್ರೆಗಳು ಹೊರಬಂದವು. ತಲೆಯ ಮೇಲೆ ಬುಟ್ಟಿ, ಹೆಗಲಲ್ಲಿ ಪೆಟ್ಟಿಗೆ, ಹಿಂದೆ ಎರಡು ಬೆಕ್ಕು. ಎದುರು ಮನೆಯ ಅಜ್ಜ ಬಾಂಗಡೆಯನ್ನು ಒತ್ತಿ ನೋಡಿ, ಕಡಿಮೆಗೆ ಕೊಡು ಎಂದು ಶುರುಮಾಡಿದರು. ಪಾಪ, ಇನ್ನು ಇವಳು ಹೇಗೆ ಉತ್ತರ ಕೊಟ್ಟಾಳು ಎಂದುಕೊಂಡೆ. ಗುಲಾಬಕ್ಕ ತಣ್ಣಗೆ ಪೆಟ್ಟಿಗೆಯ ಇನ್ನೊಂದು ಗುಂಡಿ ಒತ್ತಿದಳು.

"ಅಷ್ಟಕ್ಕೆ ಬೇಕಾದ್ರೆ ನೀನೇ ಸಮುದ್ರಕ್ಕೆ ಹೋಗಿ ಹಿಡ್ಕೊಂಡು ಬಾ!"

ಅಕ್ಕನಿಗೆ ಯಾವತ್ತೋ ಬೈದ ಬೈಗುಳ! ಓಣಿಗೆ ಓಣಿಯೇ ನಕ್ಕಿತು. ಅಜ್ಜ ತೆಪ್ಪಗೆ ದುಡ್ಡು ಕೊಟ್ಟರು. ಗುಲಾಬಕ್ಕನೂ ನಕ್ಕಳು, ದನಿಯಿಲ್ಲದೆ, ಭುಜ ಕುಣಿಸಿ.

ನಮ್ಮ ಗೇಟಿಗೆ ಬಂದವಳು ಮಾತ್ರ ಪೆಟ್ಟಿಗೆಯನ್ನು ಬಂದ್ ಮಾಡಿದಳು. ಯಾಕೆಂದು ನಾನು ಸನ್ನೆಯಲ್ಲೇ ಕೇಳಿದೆ. ಅವಳು ನನ್ನ ಹತ್ತಿರ ಬಂದು, "ಓಣಿಗೆ ಅದು ಸಾಕು. ಒಳಗಿದ್ದ ತಮಂಗೆ ನಾನೇ ಕರೆಯೂದು" ಎಂದು ಉಸಿರಿನಲ್ಲಿ ಹೇಳಿದಳು. ಆಮೇಲೆ ಮನೆಯ ಕಡೆ ತಿರುಗಿ ತುಟಿ ಅಲುಗಿಸಿದಳು. ಅಡುಗೆಮನೆಯಲ್ಲಿ ಅಕ್ಕನ ಮಿಕ್ಸರ್ ಗರಗರ ಎನ್ನುತ್ತಿತ್ತು, ಹಿತ್ತಲಲ್ಲಿ ಭಾವನ ಕೀಸುಳಿ ಸರಬರ ಓಡುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನನಗೆ ಅವಳು ಕರೆದದ್ದು ಕೇಳಿಸಲೇ ಇಲ್ಲ.

ಕೀಸುಳಿ ನಿಂತಿತು.

ತಲೆ ತುಂಬ ಮರದ ಹೊಟ್ಟು ಹೊತ್ತು ಭಾವ ಹೊರಗೆ ಬಂದರು. ತಟ್ಟೆ ತರಲು ಮರೆತಿದ್ದರು. ಲುಂಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದರು, "ನಿನ್ನೆಗಿಂತ ಇವತ್ತು ದನಿ ಚಲೋ ಅದೆ, ಗುಲಾಬಕ್ಕಾ."