ಪೆಡಲಿಗೆ ಕಟ್ಟಿದ ಗೋಣಿತಟ್ಟು

ಬೇಸಿಗೆಯಲ್ಲಿ ಮಾಡಿದ ಶಪಥವನ್ನು ಮಳೆಗಾಲದಲ್ಲಿ ನಡೆಸುವುದು ಕಷ್ಟ. ನಮ್ಮ ಯಜಮಾನರು ಸ್ಕೂಟರ್ ತರುತ್ತೇನೆಂದು ಹೋಗಿ, ಶಹಾಬಾದದ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನನ್ನನ್ನು ಒಣಗಿಸಿದ ದಿನ, "ಇನ್ನ ಜನ್ಮದಾಗ ನಿಮ್ಮ ಗಾಡಿ ಹತ್ತಂಗಿಲ್ರಿ" ಎಂದುಬಿಟ್ಟೆ. ಮಗಳು ಬಿಟ್ಟುಹೋದ ಸೈಕಲ್ ಮನೆಯಲ್ಲಿತ್ತು. ಭಂಕೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವ ನಾನು ಅದರ ಮೇಲೆಯೇ ಹೋಗತೊಡಗಿದೆ. ಮಕ್ಕಳು ನಾಲ್ಕು ದಿನ ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು.

ಮಳೆ ಹಿಡಿಯಿತು. ನಮ್ಮ ದಾರಿಯಲ್ಲಿ, ನೆಲಕ್ಕೆ ಹಾಸುವ ಪರಸಿಕಲ್ಲಿನ ಗಣಿಗಳ ಪುಡಿ ನೀರಿಗೆ ಕಲೆತು ಬಿಳಿ ರಾಡಿಯಾಗುತ್ತದೆ. ಅದು ಚಪ್ಪಲಿಗೆ ಮೆತ್ತಿದರೆ ಅಂಗಾಲಿಗೆ ಎಣ್ಣೆ ಹಚ್ಚಿದಂತೆಯೇ. ಏರಿನಲ್ಲಿ ಕಾಲು ಜಾರಿತು, ಪೆಡಲ್ ಗಿರ್ರನೆ ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಸಂಜೆ ಮನೆಯಲ್ಲಿ ಕುಂಟದೆ ಓಡಾಡುವುದಕ್ಕೆ ಸೈಕಲ್ ಸವಾರಿಗಿಂತ ಹೆಚ್ಚಿನ ಜಾಣತನ ಬೇಕಾಯಿತು. ಯಜಮಾನರು ಗೋಡೆಗೆ ಹೇಳುವಂತೆ, "ಸ್ಕೂಟರ್ ಹೊರಗೇ ನಿಂತದ" ಎಂದರು.

ಸೋಲುವುದುಂಟೇ? ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದೆ. ಅದು ದಾರಿಯ ನೀರನ್ನೆಲ್ಲ ಕುಡಿಯಿತು. ಪೆಡಲಿಗೆ ಉಸುಕಿನ ಕಾಗದ ಅಂಟಿಸಿದೆ. ಎರಡನೆಯ ಮಳೆಗೆ ಅದು ಕಿತ್ತು ನನ್ನ ಚಪ್ಪಲಿಗೆ ಅಂಟಿಕೊಂಡು ತರಗತಿಯ ತನಕ ಬಂತು. ಆ ದಿನ ನಾನು ಬೋರ್ಡಿನತ್ತ ನಡೆದಾಗಲೆಲ್ಲ ಪರ್ ಪರ್ ಸದ್ದು. ಹಳೆಯ ಟ್ಯೂಬು ಸುತ್ತಿದರೆ ಒಣಗಿದ್ದಾಗ ಚೆನ್ನಾಗಿ ಹಿಡಿಯುತ್ತಿತ್ತು, ರಾಡಿ ತಾಗಿದರೆ ಮೊದಲಿಗಿಂತಲೂ ಕಡೆ.

ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. "ಏ ತಂಗಿ, ನಾ ಬೀಳಬಾರದಂತ ಬಚ್ಚಲದಾಗ ಪರಸಿ ಮ್ಯಾಲ ಗೋಣಿತಟ್ಟು ಹಾಸೀದಿ. ಅದನ್ನೇ ಪೈಡಲಿಗಿ ಕಟ್ಟಲಿಕ್ಕ ಏನಾಗ್ಯಾದ ನಿನಗ?" ಎಂದರು. ಗೋಣಿಯ ಪಟ್ಟಿ ಹರಿದು, ಸುತಳಿಯಿಂದ ಬಿಗಿದೆವು. ಕಾಲು ಅಲುಗಲಿಲ್ಲ! ದಿನವೂ ಸಂಜೆ ಅದನ್ನು ಬಿಚ್ಚಿ ಒಲೆಯ ಹತ್ತಿರ ಒಣಗಿಸಬೇಕು. ಮನೆಯೆಲ್ಲ ತೊಯ್ದ ಗೋಣಿಯ ವಾಸನೆ. ಅಷ್ಟೇ.

ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಸ್ಕೂಟರ್ ಮುನಿಸಿಕೊಂಡಿತು. ಯಜಮಾನರು ಒದ್ದು ಒದ್ದು ಬೆವೆತರು. ಅವರ ಕಚೇರಿಯೂ ಅದೇ ದಾರಿಯಲ್ಲಿ. ನಾನು ಕ್ಯಾರಿಯರ್ ಒರೆಸಿ, "ಕುಂದ್ರಿ" ಎಂದೆ.

"ಮಂದಿ ಏನಂತಾರ?"

"ಸಾಹೇಬ್ರು ಟೈಮಿಗಿ ಬಂದ್ರು ಅಂತಾರ."

ಕುಳಿತರು. ಏರಿನಲ್ಲಿ ನನ್ನ ಕಾಲು ಒಮ್ಮೆಯೂ ಜಾರಲಿಲ್ಲ. ಹಿಂದೆ ಅವರು ಛತ್ರಿ ಹಿಡಿದಿದ್ದರು, ತಮ್ಮ ತಲೆಯ ಮೇಲೆ. ಕಚೇರಿಯ ಮುಂದೆ ಒಣಗಿದ ಅಂಗಿಯಲ್ಲಿ ಇಳಿದು, "ಭಾಳ ಛಲೋ ಹೊಡೀತಿ" ಎಂದರು. ಮದುವೆಯಾದಾಗಿನಿಂದ ಇಂಥ ಹೊಗಳಿಕೆ ಕೇಳಿರಲಿಲ್ಲ, ನಾನು ಉಬ್ಬಿದೆ.

ಅಲ್ಲೇ ಎಡವಟ್ಟಾಯಿತು. ಸ್ಕೂಟರ್ ಇಂದಿಗೂ ರಿಪೇರಿಗೆ ಹೋಗಿಲ್ಲ. ಕೇಳಿದರೆ "ಮಳಿ ನಿಲ್ಲಲಿ" ಅನ್ನುತ್ತಾರೆ. ಮೊನ್ನೆ ಏರಿನಲ್ಲಿ ಬೇಕೆಂದೇ ಕಾಲು ಜಾರಿಸಿದೆ. ಸೈಕಲ್ ಓಲಾಡಿತು. "ಸಾವಕಾಶ" ಎಂದರೇ ಹೊರತು ಇಳಿಯಲಿಲ್ಲ. ಸಂಜೆ ಮನೆಗೆ ಬಂದವರೇ, ಚಹಾ ಕೂಡ ಕೇಳದೆ, ಹೊಸ ಗೋಣಿ ಹರಿದು ಪೆಡಲಿಗೆ ತಾವೇ ಸುತ್ತತೊಡಗಿದರು. ಮೊದಲಿನದಕ್ಕಿಂತ ದಪ್ಪಗೆ, ಬಹಳ ಪ್ರೀತಿಯಿಂದ.